ಜ್ವರ ಇಳಿಸಿದ ಎಂಟು ಮಾತ್ರೆ

ಮಹಡಿ ಮನೆ,
ನೀರಿನ ಟ್ಯಾಂಕಿನ ಹಿಂದಿನ ಬೀದಿ,
ಒಂಬತ್ತನೇ ತಾರೀಖು, ಶನಿವಾರ ಬೆಳಗ್ಗೆ

ಪ್ರೀತಿಯ ಅಪ್ಪಾ,

‘ಪ್ರೀತಿಯ’ ಎಂದು ಬರೆದದ್ದನ್ನು ಹೊಡೆದುಹಾಕಲು ಹೋದೆ. ಅಮ್ಮ ಹಿಂದೆ ನಿಂತು ನೋಡುತ್ತಿದ್ದಳು, ಹಾಗಾಗಿ ಬಿಟ್ಟೆ.

ಹೇಗಿದ್ದೀಯ? ತೊಡೆಯಲ್ಲಿ ಸೂಜಿ ಚುಚ್ಚಿದ ಜಾಗ ಒಣಗಿತೇ? ಗಾಯದ ಮೇಲಿನ ಬಟ್ಟೆಯನ್ನು ದಿನಾ ಬದಲಾಯಿಸುತ್ತಿದ್ದೀಯೋ ಇಲ್ಲ ಅದಕ್ಕೂ ನಾನೇ ಬರಬೇಕೋ? ಗಡ್ಡೆಯ ಸುತ್ತ ಕೆಂಪಾದರೆ, ಬಿಸಿಯಾದರೆ, ಕಾಲು ಜೋಮು ಹಿಡಿದರೆ ಅತ್ತೆಗೆ ಹೇಳು, ಮುಚ್ಚಿಡಬೇಡ. ಮುಚ್ಚಿಡುವುದರಲ್ಲಿ ನೀನು ಎಷ್ಟು ಗಟ್ಟಿಗ ಎಂಬುದು ಈಗ ಗೊತ್ತಾಗಿದೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಹೊಲಿಗೆ ಯಂತ್ರ ಬಿಟ್ಟು ಏಳುತ್ತಿಲ್ಲ. ಶಾಲೆಯ ಮಕ್ಕಳ ಇನ್ನೂರು ಅಂಗಿಗಳ ಕಾಲರು ಅವಳ ತಲೆಯ ಮೇಲೆ ಕೂತಿವೆ. ನಿನ್ನ ಸುದ್ದಿ ಎತ್ತಿದರೆ ಪೆಡಲನ್ನು ಇನ್ನೂ ಜೋರಾಗಿ ತುಳಿಯುತ್ತಾಳೆ, ನನ್ನ ಮಾತು ಆ ಗಡಗಡದಲ್ಲಿ ಮುಳುಗಿಹೋಗುತ್ತದೆ.

ಫೋನು ಮಾಡಿ ಮಾಡಿ ಸಾಕಾಗಿ ಕಾಗದ ಬರೆಯುತ್ತಿದ್ದೇನೆ. ಯಾವಾಗ ಮಾಡಿದರೂ ಅತ್ತೆಯೇ ಎತ್ತುತ್ತಾರೆ. “ನಿಮ್ಮಪ್ಪ ಸ್ನಾನಕ್ಕೆ ಹೋಗಿದಾನಮ್ಮ.” ಬುಧವಾರ ಒಂದೇ ದಿನ ಐದು ಸಲ ಸ್ನಾನಕ್ಕೆ ಹೋಗಿದ್ದೀಯ. ಹಾಗೆ ತಿಕ್ಕಿಕೊಂಡರೆ ಗಡ್ಡೆಯೇ ಸವೆದುಹೋಗುತ್ತದೆ, ಯಾವ ಡಾಕ್ಟರೂ ಬೇಕಾಗುವುದಿಲ್ಲ. ಕೊನೆಯ ಸಲ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ನೀರು ಸರಬರಾಜಿನ ಕೆಲಸದಲ್ಲಿ ಮೂವತ್ತೊಂದು ವರ್ಷ ಕ್ಲೋರಿನ್ ಕುಡಿದ ಆ ಕೆಮ್ಮು ನನಗೆ ಗೊತ್ತಾಗದೇ ಅಪ್ಪಾ? ಕಾಗದವಾದರೆ ಸ್ನಾನಕ್ಕೆ ಹೋಗಿ ತಪ್ಪಿಸಿಕೊಳ್ಳಲಾಗದು.

ವಿಷಯಕ್ಕೆ ಬರುತ್ತೇನೆ. ಹೋದ ಸೋಮವಾರ ನಿನ್ನ ಆಸ್ಪತ್ರೆಯ ಚೀಲವನ್ನು ಒಗೆಯಲು ಬಿಚ್ಚಿದೆ. ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿ ಕನ್ನಡಕ ಇರಲಿಲ್ಲ. ಹತ್ತು ಮಾತ್ರೆಯ ಒಂದು ಪಟ್ಟಿ ಇತ್ತು, ಎಂಟು ಗುಳಿ ಖಾಲಿ. ಎರಡು ವರ್ಷದ ಹಿಂದೆ ಹಲ್ಲಿನ ಬುಡದಲ್ಲಿ ಕೀವು ತುಂಬಿದಾಗ ಹಲ್ಲಿನ ಡಾಕ್ಟರು ಬರೆದುಕೊಟ್ಟ ಮಾತ್ರೆ. ಆವಾಗ ನೋವು ಕಡಿಮೆಯಾಯಿತೆಂದು ನೀನು ಅರ್ಧಕ್ಕೇ ಬಿಟ್ಟು ಈ ಪಟ್ಟಿಯನ್ನು ಒಡೆಯದೇ ಉಳಿಸಿದ್ದೆ, ನಾನು ಬೈದಿದ್ದೆ, ನೆನಪಿದೆಯೇ? ಆ ಮಾತ್ರೆ ಏನನ್ನು ಕೊಲ್ಲುತ್ತದೆ ಎಂಬುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಔಷಧದ ಡಬ್ಬಿಯೊಳಗೆ ಎಂಟು ಮಡಿಕೆಯಾಗಿ ಕೂರುವ ಆ ತೆಳು ಚೀಟಿಯನ್ನು ನಮ್ಮ ಮುದ್ರಣಾಲಯದಲ್ಲೇ ಮಡಿಸುವುದು. ಮೊದಲ ನೂರನ್ನು ಕೈಯಲ್ಲಿ ಮಡಿಸಿ, ಅಕ್ಷರ ಮಡಿಕೆಗೆ ಸಿಕ್ಕಿತೇ ನೋಡಿ, ಆಮೇಲೆ ಯಂತ್ರಕ್ಕೆ ಬಿಡುವವಳು ನಾನು. ಮಡಿಸುವಾಗ ಓದುತ್ತೇನೆ. ನೀನು ನಗುತ್ತಿದ್ದೆಯಲ್ಲ, “ಊರಲ್ಲಿ ಯಾರೂ ಓದದೇ ಎಸೆಯೋ ಚೀಟಿ ಓದೋಳು ನೀನೊಬ್ಬಳೇ ಕಣೇ” ಎಂದು. ಅದರಲ್ಲಿ ಮೂರನೇ ಮಡಿಕೆಯ ಮೇಲೆ ಇರುವ ಸಾಲು: ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಇದು ನಾಶ ಮಾಡುತ್ತದೆ. ಐದನೇ ಮಡಿಕೆಯ ಕೆಳಗೆ: ಬಾಯಲ್ಲಿ ಲೋಹದ ರುಚಿ ಬರಬಹುದು.

ಸೂಜಿ ಚುಚ್ಚಿ ಮೂರು ದಿನವಾದ ಆ ಗುರುವಾರ ಬೆಳಗ್ಗೆ ನೀನು ಮೂರು ಸಲ ನೀರು ಕೇಳಿದೆ. “ಬಾಯೆಲ್ಲ ತುಕ್ಕು ನೆಕ್ಕಿದ ಹಾಗಿದೆ ಕಣೇ” ಎಂದೆ. ನಾನು ಪೆದ್ದಿ, ಆಸ್ಪತ್ರೆಯ ಲೋಟ ಸರಿಯಿಲ್ಲವೆಂದು ಸಿಸ್ಟರ್ ಹತ್ತಿರ ಜಗಳ ಮಾಡಿ ಗಾಜಿನ ಲೋಟ ತಂದುಕೊಟ್ಟೆ. ನೀನು ಆ ಲೋಟವನ್ನು ಹಿಡಿದು ಕುಡಿದೆ. ನನ್ನ ಮುಖ ನೋಡಿ ಕುಡಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಿನಗೆ ಕಣ್ಣು ಮುಚ್ಚುವ ಮರ್ಯಾದೆಯೂ ಇರಲಿಲ್ಲ.

ನನಗೆ ತಡೆಯಲಾಗದ್ದು ಇದು. ನಿನಗೆ ಅರ್ಥವಾಗಲಿಲ್ಲ ಎಂದಿದ್ದರೆ ನಾನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಈ ಊರಿನಲ್ಲಿ ಈ ಚಿಕಿತ್ಸೆ ನಿನಗೆ ಅರ್ಥವಾದಷ್ಟು ಬೇರೆ ಯಾವ ರೋಗಿಗೂ ಅರ್ಥವಾಗಿರಲಿಲ್ಲ. ನಾನು ನಿನ್ನ ಕೊಳಾಯಿಯ ಭಾಷೆಯಲ್ಲೇ ಹೇಳಿದ್ದೆ. ಬೀದಿಯ ಕೊನೆಯ ಮನೆ ದಾಟಿ ಮುಚ್ಚಿದ ಪೈಪಿನ ತುದಿ ಇರುತ್ತದಲ್ಲ, ನೀರು ಹರಿಯದೆ ಅಲ್ಲೇ ನಿಂತು ಕೊಳೆಯುವ ಜಾಗ, ಎಷ್ಟು ಕ್ಲೋರಿನ್ ಬಿಟ್ಟರೂ ಮುಟ್ಟದ ಜಾಗ. ನಿನ್ನ ಕ್ಯಾನ್ಸರ್ ಗಡ್ಡೆಯ ಒಳಗೆ ಅಂಥ ಜಾಗ ಇದೆ ಎಂದೆ. ಅದು ಅವಸರದಲ್ಲಿ ಬೆಳೆಯುತ್ತದೆ, ರಕ್ತನಾಳಗಳು ಅದರ ಹಿಂದೆ ಓಡಿ ಸಾಕಾಗಿ ನಿಲ್ಲುತ್ತವೆ, ನಡುವಿನ ಭಾಗಕ್ಕೆ ಆಮ್ಲಜನಕ ಸಿಗುವುದಿಲ್ಲ. ರಕ್ತದಲ್ಲಿ ಹೋಗುವ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಕಿರಣ ಬಿಟ್ಟರೆ ಅದೂ ಆಮ್ಲಜನಕ ಇದ್ದ ಕಡೆಯೇ ಚೆನ್ನಾಗಿ ಸುಡುವುದು. ಅದಕ್ಕೇ ನಿನಗೆ ಇಪ್ಪತ್ತೈದು ದಿನ ಕಿರಣ ಕೊಟ್ಟರೂ ಹೊರಗಿನ ಸಿಪ್ಪೆ ಸುಟ್ಟು ಒಳಗಿನದು ಹಾಗೇ ಉಳಿಯಿತು. ಆದರೆ ಗಾಳಿಯೆಂದರೆ ಸಾಯುವ ಬ್ಯಾಕ್ಟೀರಿಯಾಗಳಿವೆ. ಅವುಗಳ ವಿಷದ ಹಲ್ಲು ಕಿತ್ತು, ಬೀಜದಂತೆ ನಿದ್ದೆ ಹೋದ ಸ್ಥಿತಿಯಲ್ಲಿ ಗಡ್ಡೆಯೊಳಗೆ ಚುಚ್ಚಿದರೆ, ಗಾಳಿ ಇಲ್ಲದ ನಡುವಿನಲ್ಲಿ ಮಾತ್ರ ಎಚ್ಚರಗೊಂಡು ಗಡ್ಡೆಯನ್ನು ಒಳಗಿನಿಂದ ತಿನ್ನುತ್ತವೆ. ಆರೋಗ್ಯವಂತ ಮಾಂಸದ ಅಂಚಿಗೆ ಬಂದಾಗ ಅಲ್ಲಿನ ಆಮ್ಲಜನಕ ತಗುಲಿ ನಿಲ್ಲುತ್ತವೆ. ಖಾತ್ರಿ ಇಲ್ಲ, ಇದು ಪರೀಕ್ಷೆ ಎಂದೂ ಹೇಳಿದ್ದೆ. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಇಲ್ಲ. ಆದರೆ ಇನ್ನೊಂದು ದಾರಿ ಸೊಂಟದಿಂದ ಕಾಲನ್ನೇ ತೆಗೆಯುವುದು ಎಂದು ಶಸ್ತ್ರಚಿಕಿತ್ಸೆಯ ಡಾಕ್ಟರು ಚಿತ್ರ ಬಿಡಿಸಿ ತೋರಿಸಿದ್ದರಲ್ಲ. ನೀನು ಆ ಚಿತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಎಲ್ಲ ಕೇಳಿ ನೀನು ಏನೆಂದೆ? “ಆ ಪೈಪಿನ ತುದೀಲಿ ಏನಿರುತ್ತೆ ಅಂತ ನನಗೆ ಗೊತ್ತು ಕಣೇ. ಅದನ್ನ ತೊಳೆಯೋಕೇ ಮೂವತ್ತೊಂದು ವರ್ಷ ಸಂಬಳ ತಗೊಂಡಿದೀನಿ.” ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುದ್ರಣಾಲಯದಲ್ಲೂ ಎಲ್ಲರಿಗೂ ಹೇಳಿ ನಗಿಸಿದೆ.

ಜ್ವರ ಬರುತ್ತದೆ ಎಂದು ಈ ಪರೀಕ್ಷೆ ನಡೆಸುವ ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಜ್ವರ ಬಂದರೆ ಅವು ಎಚ್ಚರಗೊಂಡಿವೆ ಎಂಬ ಲೆಕ್ಕ, ಮೂರು ದಿನ ಹಲ್ಲು ಕಚ್ಚಿ ತಡೆಯಿರಿ, ಮಿತಿ ಮೀರಿದರೆ ನಿಲ್ಲಿಸುವ ಔಷಧ ಮಂಚದ ಪಕ್ಕದಲ್ಲೇ ಇದೆ, ನಾನು ಹೇಳುವ ತನಕ ಹೊರಗಿನ ಒಂದು ಮಾತ್ರೆಯನ್ನೂ ಮುಟ್ಟಬೇಡಿ ಎಂದಿದ್ದಳು. ಸೋಮವಾರ ಚುಚ್ಚಿದರು. ಮಂಗಳವಾರ ಮಧ್ಯಾಹ್ನಕ್ಕೆ ನಿನ್ನ ಮೈ ಕೆಂಡವಾಯಿತು, ಮಂಚ ಕಿರುಗುಟ್ಟುವ ಹಾಗೆ ನಡುಗಿದೆ. ಡಾಕ್ಟರಮ್ಮ ಜ್ವರದ ಪಟ್ಟಿ ನೋಡಿ ಖುಷಿಯಿಂದ ಕಾರಿಡಾರಿನಲ್ಲಿ ಓಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಗುರುವಾರ ಜ್ವರ ಇಳಿಯಿತು. ಊತ ಇಳಿಯಿತು. ಹತ್ತು ದಿನ ಬಿಟ್ಟು ತೆಗೆದ ಸ್ಕ್ಯಾನಿನ ಚಿತ್ರದಲ್ಲಿ ಗಡ್ಡೆ ಎಲ್ಲಿತ್ತೋ ಅಲ್ಲೇ, ಎಷ್ಟಿತ್ತೋ ಅಷ್ಟೇ. ಕಡತದಲ್ಲಿ ‘ಪರಿಣಾಮ ಕಾಣಲಿಲ್ಲ’ ಎಂದು ಬರೆದರು. ಬಿಡುಗಡೆಯಾದ ದಿನ ನೀನು ಮನೆಗೆ ಬರುವ ಬಸ್ಸು ಬಿಟ್ಟು ಅತ್ತೆಯ ಊರಿನ ಬಸ್ಸು ಹತ್ತಿದೆ. ಚೀಲವನ್ನು ನನ್ನ ಕೈಗೆ ಕೊಟ್ಟು, “ಸ್ವಲ್ಪ ದಿನ ಅಕ್ಕನ ಮನೇಲಿರ್ತೀನಿ” ಎಂದೆ. ಪಾಪ, ಮನಸ್ಸಿಗೆ ಬೇಸರವಾಗಿದೆ ಎಂದುಕೊಂಡು ಕಿಟಕಿಯ ಸೀಟು ಹಿಡಿದುಕೊಟ್ಟವಳು ನಾನೇ.

ಈಗ ಇಲ್ಲಿ ಏನು ನಡೆಯುತ್ತಿದೆ ಗೊತ್ತೇ? ಡಾಕ್ಟರಮ್ಮ ತನ್ನದೇ ತಪ್ಪೆಂದು ಕೂತಿದ್ದಾಳೆ. ನಿನಗೆ ಚುಚ್ಚಿದ ಬೀಜಗಳೇ ಸತ್ತಿದ್ದವೋ ಎಂದು ಅದೇ ಬ್ಯಾಚಿನ ಒಂದೊಂದು ಸೀಸೆಯನ್ನೂ ಪರೀಕ್ಷೆ ಮಾಡಿದಳು. ಪ್ರಯೋಗಾಲಯದ ಬಾಗಿಲಿನ ಗಾಜಿನಲ್ಲಿ ನೋಡಿದೆ. ಕುದಿಸಿ ಗಾಳಿ ತೆಗೆದ ಸಾರಿನಂಥ ದ್ರವದ ಕೊಳವೆಗಳು ಸಾಲಾಗಿ ನಿಂತಿದ್ದವು. ಒಂದಿಷ್ಟು ಗಾಳಿ ಸೋಕಿದರೂ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದಂತೆ. ಒಂದೂ ತಿರುಗಲಿಲ್ಲ. ಬೀಜಗಳು ಎಲ್ಲ ಕೊಳವೆಯಲ್ಲೂ ಚೆನ್ನಾಗಿ ಮೊಳೆತವು. ಆದರೂ ಸಂಶಯ ಬಂದ ಬ್ಯಾಚನ್ನು ಇಟ್ಟುಕೊಳ್ಳಬಾರದೆಂಬ ನಿಯಮ. ಇಡೀ ಬ್ಯಾಚನ್ನು ಸುಟ್ಟುಹಾಕಿದರು. ಮುಂದಿನವರಿಗೆ ಚುಚ್ಚುವುದನ್ನು ನಿಲ್ಲಿಸಿದ್ದಾರೆ. ಮುಂದಿನವರು ಅಂದರೆ ಯಾರೋ ಅಲ್ಲ, ನಿನ್ನ ಪಕ್ಕದ ಮಂಚದ ಬಸ್ ಡ್ರೈವರು. ಹೆಗಲ ಹಿಂದೆ ಗಡ್ಡೆ ಬಂದು ಸ್ಟಿಯರಿಂಗ್ ತಿರುಗಿಸಲಾಗದೆ ಕೂತ ಮನುಷ್ಯ. ನಿನ್ನನ್ನು ನೀರಣ್ಣ ಎಂದು ಕರೆಯುತ್ತಿದ್ದವನು. ನೀನು ಅವನ ಮೇಜನ್ನೂ ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸುತ್ತಿದ್ದೆ. “ನೀರಣ್ಣ, ನನ್ನನ್ನೂ ಒಂದ್ಸಲ ಅದ್ದಿ ತೆಗೆದುಬಿಡಿ, ರೋಗವೇ ಇರಲ್ಲ” ಎನ್ನುತ್ತಿದ್ದ. ಮೊನ್ನೆ ಕಡತದ ಕಾಗದ ತರಲು ಹೋದಾಗ ನನ್ನನ್ನು ಕರೆದ. “ಏನಮ್ಮಾ, ನಿಮ್ಮಪ್ಪನ ಹುಳಗಳು ಕೆಲಸಕ್ಕೆ ಬಂದು ಹಾಜರಿ ಹಾಕಿ ಮನೆಗೆ ಹೋದ್ವಂತೆ? ನಮ್ಮ ಡಿಪೋದವರಿಗಿಂತ ಕಡೆ ಅಲ್ಲಮ್ಮಾ!” ನಗುತ್ತಲೇ ಹೇಳಿದ. ಆಮೇಲೆ ನಗು ನಿಲ್ಲಿಸಿ, “ಅಷ್ಟು ಶುಚಿಯಾದ ಮನುಷ್ಯನ ಮೈಗೇ ಹಿಡೀಲಿಲ್ಲ, ನನಗೇನು ಹಿಡೀತದೆ? ನಾನೂ ಮನೆಗೆ ಹೋಗ್ತೀನಿ” ಎಂದ. ನನ್ನ ಚೀಲದಲ್ಲಿ ಆ ಮಾತ್ರೆಯ ಪಟ್ಟಿ ಇತ್ತು ಅಪ್ಪಾ. ಕೈ ಹಾಕಿ ಮುಟ್ಟಿದೆ. ಬಾಯಿ ಬಿಡಲಿಲ್ಲ. ಮನೆಯ ಮಾನ ಎಂಬ ಮಾತಿಗೆ ಉಗಿಯುತ್ತಿದ್ದವಳು ನಾನು. ನಿನ್ನಿಂದಾಗಿ ಆ ಮಾನದ ಕಾವಲಿಗೆ ನಿಂತೆ. ಇದಕ್ಕೂ ನಿನ್ನನ್ನು ಕ್ಷಮಿಸುವುದಿಲ್ಲ.

ಮೂವತ್ತೊಂದು ವರ್ಷ ನೀನು ನಮಗೆ ಕಲಿಸಿದ್ದು ಏನು? ಗಂಟೆಗೊಂದು ಸಲ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಬಣ್ಣ ನೋಡಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಮೇಲಿನವರು ಬಂದು ಅಂಕಿ ತಿದ್ದು ಎಂದಾಗ, “ನೀರು ಕುಡಿಯೋದು ನಿಮ್ಮ ಪುಸ್ತಕ ಅಲ್ಲ, ಜನ” ಎಂದು ಎದುರು ನಿಂತು ವರ್ಗವಾಗಿ ಹೋದವನು ನೀನು. ಆ ಕಥೆ ಕೇಳಿಯೇ ನಾನು ಬೆಳೆದದ್ದು. ನಾನು ಬೀದಿಯಲ್ಲಿ ಹಂಚುವ ಚೀಟಿಗಳಲ್ಲಿ, ನಮ್ಮ ಕೆಲಸಗಾರರ ಸಂಘದ ಕರಪತ್ರಗಳಲ್ಲಿ ಬರೆಯುವುದೆಲ್ಲ ಆ ಒಂದು ಮಾತಿನ ಬೇರೆ ಬೇರೆ ರೂಪ. ಅಂಥವನು ಈಗ ಒಂದು ಸುಳ್ಳು ಅಂಕಿಯನ್ನು ಕಡತದೊಳಗೆ ಇಟ್ಟು ಬಸ್ಸು ಹತ್ತಿದ್ದಾನೆ. ಅದನ್ನು ಓದುವವರು ಈ ಆಸ್ಪತ್ರೆಯವರು ಮಾತ್ರವಲ್ಲ. ಒಬ್ಬ ರೋಗಿಗೆ ಹಿಡಿಯಲಿಲ್ಲ ಎಂಬ ಆ ಸಾಲು ಎಲ್ಲೆಲ್ಲಿಗೋ ಹೋಗುತ್ತದೆ, ಯಾರ್‍ಯಾರ ಬಾಗಿಲನ್ನೋ ಮುಚ್ಚುತ್ತದೆ.

ಆಸ್ಪತ್ರೆಯವರ ಮೇಲೂ ಸಿಟ್ಟಿದೆ, ಅವರನ್ನೇನು ಬಿಟ್ಟಿಲ್ಲ. ಹದಿನಾಲ್ಕು ಪುಟದ ಒಪ್ಪಿಗೆ ಪತ್ರ, ಒಂದು ವಾಕ್ಯಕ್ಕೆ ಎಂಟು ಸಾಲು. ನಾವು ಮಾತ್ರೆಯ ಚೀಟಿಗೆ ಹಾಕುವ ಅಕ್ಷರ ಇದಕ್ಕಿಂತ ದೊಡ್ಡದು. ದೊಡ್ಡ ಡಾಕ್ಟರು ಬರುವುದು, ನಿನ್ನ ತೊಡೆಯ ಕಡೆಗೆ ನೋಡಿ ಹಿಂದಿದ್ದವರ ಹತ್ತಿರ ಮಾತನಾಡುವುದು, ಹೋಗುವುದು. ತೊಡೆಗೂ ತಲೆಗೂ ನಂಟಿದೆ ಎಂಬುದೇ ಅವರಿಗೆ ನೆನಪಿಲ್ಲ. ಅತ್ತೆಯ ಮೇಲೂ ಸಿಟ್ಟಿದೆ. ನೋಡಲು ಬಂದವರು ನಿನ್ನ ಕಿವಿಯಲ್ಲಿ, “ಇರೋ ರೋಗ ಸಾಲದು ಅಂತ ಮೈಯೊಳಗೆ ಹುಳ ಬಿಟ್ಕೊಳ್ಳೋರುಂಟೇನೋ?” ಎಂದದ್ದು ನನಗೆ ಕೇಳಿಸಿತ್ತು. ನಾನು ಅವರಿಗೂ ಈ ಚಿಕಿತ್ಸೆಯ ಕರಪತ್ರ ಕೊಟ್ಟೆ. ಅದರಲ್ಲಿ ಕಡಲೆ ಕಟ್ಟಿಕೊಂಡು ಹೋದರು.

ಮುಂದಿನ ಶುಕ್ರವಾರದ ತನಕ ಮಾತ್ರ ಡಾಕ್ಟರಮ್ಮನ ಬಳಿ ನಿನ್ನ ಕಡತ ಇರುತ್ತದೆ. ಆಮೇಲೆ ಅದು ಶಸ್ತ್ರಚಿಕಿತ್ಸೆಯವರ ಮೇಜಿಗೆ ಹೋಗುತ್ತದೆ, ಇಪ್ಪತ್ತನೇ ತಾರೀಖಿಗೆ ಕಾಲು ತೆಗೆಯುವುದು ಎಂದು ಬರೆದಾಗಿದೆ. ಆದ್ದರಿಂದ ಕೇಳು. ನೀನು ಬರಬೇಕು. ಬಂದು ಡಾಕ್ಟರಮ್ಮನ ಎದುರು ಕೂತು, ಎಂಟು ಮಾತ್ರೆ ತಿಂದೆ ಎಂದು ನಿನ್ನ ಬಾಯಿಂದ ಹೇಳಬೇಕು. ಡ್ರೈವರಿಗೂ ಹೇಳಬೇಕು. ಹೇಳಿ, ಇನ್ನೊಂದು ಸಲ ಚುಚ್ಚಿಸಿಕೊಳ್ಳಬೇಕು. ಆ ಸಲ ಮೂರು ದಿನವೂ ನಾನು ಮಂಚದ ಪಕ್ಕದಿಂದ ಕದಲುವುದಿಲ್ಲ, ನಿನ್ನ ಕನ್ನಡಕದ ಪೆಟ್ಟಿಗೆಯಿಂದ ಹಿಡಿದು ಚಪ್ಪಲಿಯ ಅಟ್ಟೆಯ ತನಕ ಬಿಚ್ಚಿ ನೋಡುತ್ತೇನೆ. ಬುಧವಾರದೊಳಗೆ ನೀನು ಬರದಿದ್ದರೆ ಗುರುವಾರ ಬೆಳಗ್ಗೆ ನಾನೇ ಹೋಗಿ ಹೇಳುತ್ತೇನೆ. ಮಗಳು ಅಪ್ಪನ ಮೇಲೆ ದೂರು ಕೊಟ್ಟಳು ಎಂದು ಜನ ಆಡಿಕೊಳ್ಳಲಿ. ನೀನು ಕಲಿಸಿದ ಪಾಠವನ್ನೇ ನಿನಗೆ ಒಪ್ಪಿಸುತ್ತಿದ್ದೇನೆ.

ಅತ್ತೆಗೆ ನಮಸ್ಕಾರ ಹೇಳು, ಸಿಟ್ಟಿದ್ದರೂ ನಮಸ್ಕಾರ ನಮಸ್ಕಾರವೇ. ಅಮ್ಮ ನಿನ್ನ ನೀಲಿ ಪೈಜಾಮದ ಎಡಗಾಲನ್ನು ಊತಕ್ಕೆ ಸರಿಯಾಗಿ ಅಗಲ ಮಾಡಿ ಹೊಲಿದು ಇಸ್ತ್ರಿ ಹಾಕಿ ಇಟ್ಟಿದ್ದಾಳೆ. ಮೈ ಜೋಪಾನ.

ಇಷ್ಟಾದರೂ ನಿನ್ನ ಕಾಲಿಗೆ ಬೀಳುವ,
ನಿನ್ನ ಮಗಳು

ತಾ.ಕ.: ಮೇಲಿನದನ್ನು ಅಂಚೆಗೆ ಹಾಕಲು ಹೊರಟವಳು ದಾರಿಯಲ್ಲಿ ಆಸ್ಪತ್ರೆಗೆ ಹೋದೆ. ಈಗ ಅಂಚೆ ಕಚೇರಿಯ ಕೌಂಟರಿನ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೆ ದಾರ ಕಟ್ಟಿದ್ದಾರೆ, ಅಕ್ಷರ ಓರೆಯಾಗಿದೆ. ಡ್ರೈವರು ಮಂಚದ ಮೇಲೆ ಕೂತು ಒಂದೇ ಕೈಯಲ್ಲಿ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದ. ಗುರುವಾರದ ತನಕ ಕಾಯಲಾಗಲಿಲ್ಲ. ನೇರ ಹೋಗಿ ಮಾತ್ರೆಯ ಪಟ್ಟಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವಳು ಬೈಯಲಿಲ್ಲ. ಖಾಲಿ ಗುಳಿಗಳನ್ನು ಎಣಿಸಿ, ಎದ್ದು ಹೋಗಿ ಮೊದಲು ಡ್ರೈವರಿಗೆ ಹೇಳಿ ಬಂದಳು. ಅವನು ಚೀಲ ಬಿಚ್ಚಿದ್ದಾನೆ. ಆಮೇಲೆ ಕೇಳಿದಳು, “ಹೆದರಿಕೆ ಆಗ್ತಿದೆ ಅಂತ ನಿಮ್ಮಪ್ಪ ನಿಮ್ಮ ಹತ್ರ ಯಾವಾಗಲಾದ್ರೂ ಹೇಳಿದ್ರಾ?” ನಮ್ಮಪ್ಪನಿಗೆ ಹೆದರಿಕೆ ಇಲ್ಲ ಎಂದೆ. ಅವಳು ಕಡತದಿಂದ ಒಪ್ಪಿಗೆ ಪತ್ರದ ಕೊನೆಯ ಹಾಳೆ ತೆಗೆದು ನನ್ನ ಮುಂದೆ ಇಟ್ಟಳು. ರೋಗಿಯನ್ನು ಕೇಳಿ ಬರೆಯಬೇಕಾದ ಹನ್ನೊಂದು ಪ್ರಶ್ನೆ. ಅರ್ಥವಾಯಿತೇ? ಜ್ವರ ತಡೆಯಲು ಸಿದ್ಧವೇ? ಯಾರ ಒತ್ತಾಯವೂ ಇಲ್ಲ ತಾನೇ? ಹನ್ನೊಂದಕ್ಕೂ ಉತ್ತರ ಕೊಟ್ಟಿದ್ದು ನಾನು ಅಪ್ಪಾ. ನೀನು ಆ ದಿನ ಆ ಕೋಣೆಯಲ್ಲಿ ಆಡಿದ್ದು ಒಂದೇ ಮಾತು, “ಎಲ್ಲಿ ಸೈನ್ ಮಾಡ್ಲಿ?” ಡಾಕ್ಟರಮ್ಮ, “ನಾನೂ ನಿಮ್ಮನ್ನ ತಡೀಲಿಲ್ಲ, ತಪ್ಪು ನಂದೂ ಹೌದು” ಎಂದಳು.

ಎರಡನೇ ಸಲಕ್ಕೆ ನಿಯಮದಲ್ಲಿ ಅವಕಾಶ ಇದೆಯಂತೆ. ಶುಕ್ರವಾರ ಹತ್ತು ಗಂಟೆಗೆ ನಿನ್ನ ಹೆಸರಿಗೆ ಸಮಯ ಇಟ್ಟಿದ್ದಾಳೆ. ಹೊಸ ಹಾಳೆ, ಹನ್ನೊಂದೂ ಖಾಲಿ. ನಾನು ಮೇಲೆ ‘ಬೇಕು’, ‘ಬೇಕು’ ಎಂದು ಬರೆದದ್ದನ್ನು ಹರಿದು ಇನ್ನೊಮ್ಮೆ ಬರೆಯಲು ಹೊತ್ತಿಲ್ಲ, ಅಂಚೆಯವರು ಚೀಲ ಕಟ್ಟುತ್ತಿದ್ದಾರೆ. ಅದನ್ನು ಓದಿ ಬಿಟ್ಟುಬಿಡು. ಚುಚ್ಚಿಸಿಕೊಳ್ಳುತ್ತೀಯೋ, ಬೇಡ, ಕಾಲೇ ಹೋಗಲಿ ಎನ್ನುತ್ತೀಯೋ, ನೀನೇ ಹೇಳು. ನಾನು ಒಳಗೆ ಬರುವುದಿಲ್ಲ. ಹೆದರಿಕೆಯಾದರೆ ಹೆದರಿಕೆ ಎಂದೇ ಹೇಳು, ಡಾಕ್ಟರಮ್ಮ ಬರೆದುಕೊಳ್ಳುತ್ತಾಳೆ.